ಬೋರ್ಡಿಗೆ ನಾನು ಕಣ್ಣು ಕೊಟ್ಟದ್ದು

ನಾನು ಓಡಿದ್ದನ್ನು ಯಾರೂ ನೋಡಲಿಲ್ಲ. ಅರವತ್ತರ ಹತ್ತಿರ ಬಂದ ಮನುಷ್ಯ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡವನು, ಶಾಲೆಯ ಹಿಂಬಾಗಿಲಿನಿಂದ ಹೊರಬಿದ್ದು ನೀರಿನ ತೊಟ್ಟಿಯ ಮರೆಯಲ್ಲಿ ಹೋಗಿ ನಿಂತದ್ದನ್ನು ಒಂದು ಕೋಳಿ ಮಾತ್ರ ನೋಡಿತು. ಮುಂದೆ ಆದದ್ದೆಲ್ಲ ಆ ಓಟವನ್ನು ಮುಚ್ಚಿಡಲು ನಾನು ಮಾಡಿದ ಕೆಲಸ.

ನಾನು ಮೇಷ್ಟ್ರು. ಸಿರುಗುಪ್ಪದಲ್ಲಿ ಹಚ್ಚೊಳ್ಳಿ ಬಸ್ಸು ಹತ್ತಿ, ಕಾಲುವೆ ದಾಟಿದ ಮೇಲೆ ಇಳಿದರೆ ಸಿಗುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆಗ ಆರು, ಏಳನೇ ತರಗತಿಗೆ ಗಣಿತ ಹೇಳುತ್ತಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಪಾಠ ಹೇಗೆ ಹೇಳುತ್ತಿದ್ದೆ ಎಂಬುದನ್ನು ಬೇರೆಯವರು ಹೇಳಲಿ. ಬೇಸ್ತು ಬೀಳಿಸುವುದರಲ್ಲಿ ಮಾತ್ರ ನನ್ನ ಸಮ ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹೊಸದಾಗಿ ಬಂದ ಒಬ್ಬ ಮೇಷ್ಟ್ರಿಗೆ, ಮಧ್ಯಾಹ್ನದ ಊಟದಲ್ಲಿ ಪ್ರತಿ ಮಗುವಿನ ತಟ್ಟೆಯಿಂದ ಒಂದೊಂದು ತುತ್ತು ತಿಂದು ರುಚಿ ನೋಡುವುದು ಸರ್ಕಾರದ ನಿಯಮ ಎಂದು ಹೇಳಿ ಇಡೀ ಒಂದು ಸಾಲಿನ ತುತ್ತು ತಿನ್ನಿಸಿದವನು ನಾನು. ಹೆಡ್‌ಮೇಷ್ಟ್ರ ಕೋಣೆಯ ಗಡಿಯಾರವನ್ನು ದಿನಕ್ಕೊಂದು ನಿಮಿಷದಂತೆ ಮುಂದಕ್ಕೆ ತಳ್ಳುತ್ತ ಹೋಗಿ, ಅವರು ಬಸ್ಸಿಗೆ ಕಾಲು ಗಂಟೆ ಮೊದಲೇ ನಿಂತು ಕಂಡಕ್ಟರನನ್ನು ಬೈಯುವಂತೆ ಮಾಡಿದವನೂ ನಾನೇ. ಮಕ್ಕಳು ನಾನು ಹೇಳಿದ್ದಕ್ಕೆ ಮೊದಲು ನಗುತ್ತಿದ್ದರು, ಆಮೇಲೆ ಅದು ಖರೆಯೋ ಸುಳ್ಳೋ ಎಂದು ತಮ್ಮತಮ್ಮಲ್ಲೇ ಜಗಳ ಮಾಡುತ್ತಿದ್ದರು. ಅದನ್ನು ನಾನು ಬಹುಮಾನ ಎಂದುಕೊಂಡಿದ್ದೆ.

ಇಂಥವನಿಗೆ ಹೆದರಿಕೆ ಎಂದರೆ ಬೇರೆಯವರ ಸಾಮಾನು. ಸ್ಮಾರ್ಟ್ ಬೋರ್ಡ್ ಬರುವ ತನಕ.

ಅದನ್ನು ತಂದವರು ನಮ್ಮ ಶಾಲೆಯ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಊರಿನ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹುಡುಕಿ, ಬೆನ್ನುಹತ್ತಿ, ಒಂದು ವರ್ಷ ಓಡಾಡಿ ಆ ಬೋರ್ಡು ತರಿಸಿದ್ದರು. ಗೋಡೆಯಷ್ಟಗಲದ ಟೀವಿ ಅನ್ನಿ. ಬೆರಳಿನಿಂದ ಮುಟ್ಟಿದರೆ ಬರೆಯುತ್ತದೆ, ಒರೆಸುತ್ತದೆ, ಚಿತ್ರ ತೋರಿಸುತ್ತದೆ. ಅದರ ತರಬೇತಿ ಎರಡು ದಿನ ಕುರುಗೋಡಿನ ಒಂದು ಶಾಲೆಯಲ್ಲಿ ನಡೆಯಿತು. ನನ್ನನ್ನೂ ಎಳೆದುಕೊಂಡು ಹೋದರು. ಕುರುಗೋಡು ನನ್ನ ಊರು. ಎರಡು ದಿನವೂ ಮಧ್ಯಾಹ್ನ ಮನೆಗೆ ಹೋಗಿ ರೊಟ್ಟಿ ಉಂಡು ಮಲಗಿದೆ. ಬೋರ್ಡಿಗೆ ಬೆರಳು ಹೇಗೆ ತಿಳಿಯುತ್ತದೆ ಎಂದು ಅವರು ವಿವರಿಸಿದ್ದು ಮಧ್ಯಾಹ್ನವಂತೆ.

ಬೋರ್ಡು ಗೋಡೆಗೆ ಕೂತ ದಿನ ಹೆಡ್‌ಮೇಷ್ಟ್ರು ಸ್ವಿಚ್ಚಿಗೆ ಅಡ್ಡ ನಿಂತರು.

"ಪೂಜಿ ಆಗದ ಹಚ್ಚಂಗಿಲ್ಲ. ಟ್ರ್ಯಾಕ್ಟರ್ ತಂದ್ರೂ ಅಷ್ಟ, ಇದು ಬಂದ್ರೂ ಅಷ್ಟ."

ಮೇಡಂ ಬೇಡವೆನ್ನಲಿಲ್ಲ. ಚೌಕಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ. ಸೇವಂತಿಗೆ ಹಾರವನ್ನು ಈ ತುದಿಯಿಂದ ಆ ತುದಿಗೆ ಇಳಿಬಿಟ್ಟರು. ಅಡುಗೆಯ ಅಮ್ಮಂದಿರು ಆರತಿ ಬೆಳಗಿದರು. ಬೋರ್ಡು ಹಚ್ಚಿದಾಗ ನೀಲಿ ಬೆಳಕು ಬಂತು, ಚಪ್ಪಾಳೆ ಬಿತ್ತು, ಎಲ್ಲರೂ ಒಗ್ಗರಣೆ ಹಾಕಿದ ಮಂಡಾಳು ತಿನ್ನಲು ಜಗುಲಿಗೆ ಹೋದರು.

ನಾನು ಒಬ್ಬನೇ ಒಳಗೆ ಉಳಿದೆ. ಯಾರೂ ಇಲ್ಲದಾಗ ಒಂದೆರಡು ಗೆರೆ ಎಳೆದು ಕಲಿತುಬಿಟ್ಟರೆ, ನಾಳೆ ಮೇಡಂ ಮುಂದೆ ಹುಟ್ಟಾ ಬಲ್ಲವನಂತೆ ನಿಲ್ಲಬಹುದು ಎಂಬುದು ನನ್ನ ಲೆಕ್ಕ. ಫ್ಯಾನ್ ಹಾಕಿದೆ. ಬೋರ್ಡಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಅಂಗಿಯ ತೋಳು ಮಡಚುತ್ತಿದ್ದೆ.

ಬೋರ್ಡು ತಾನಾಗಿ ಒಂದು ಕೆಂಪು ಗೆರೆ ಎಳೆಯಿತು.

ನಾನು ಅತ್ತಿತ್ತ ನೋಡಿದೆ. ಇನ್ನೊಂದು ಗೆರೆ. ಆಮೇಲೆ ಭೂಪಟ ತೆರೆಯಿತು, ಮುಚ್ಚಿತು. ಮತ್ತೆ ಏನೋ ತೆರೆದು, ಒಳಗಿನಿಂದ ಒಂದು ಹೆಣ್ಣು ದನಿ "ನಮಸ್ಕಾರ ಮಕ್ಕಳೇ" ಎಂದಿತು. ಕೋಣೆಯಲ್ಲಿ ಮಕ್ಕಳು ಇರಲಿಲ್ಲ. ನಾನಿದ್ದೆ.

ಕೋಳಿಯ ಕಥೆ ಮೊದಲೇ ಹೇಳಿದ್ದೇನೆ.

ತೊಟ್ಟಿಯ ಹಿಂದೆ ಎದೆ ಹಿಡಿದುಕೊಂಡು ನಿಂತಾಗ ಒಳಗೆ ಮಕ್ಕಳು ಚೀರಿದ್ದು ಕೇಳಿತು. ಅವರೂ ನೋಡಿದ್ದರು. ಮುಖ ತೊಳೆದುಕೊಂಡು, ಈಗಷ್ಟೇ ಬಂದವನ ಹಾಗೆ ಒಳಗೆ ಬಂದೆ. ಅಷ್ಟರಲ್ಲಿ ಮೇಡಂ ಹಾರ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಬೋರ್ಡು ಸುಮ್ಮನಾಗಿತ್ತು.

"ಚೌಕಟ್ಟಿನ ಅಂಚಿನ್ಯಾಗ ಕಣ್ಣಿಗೆ ಕಾಣದ ಬೆಳಕು ಓಡಾಡ್ತಿರ್ತೈತಲ್ರಿ ಸರ್," ಎಂದರು ನನಗೆ, ಮೆಲ್ಲಗೆ. "ಬೆರಳು ಅಡ್ಡ ಬಂದ್ರೂ ಮುಟ್ಟಿದ್ರು ಅಂತ ತಿಳ್ಕೋತೈತಿ, ಹೂವು ಅಡ್ಡ ಬಂದ್ರೂ ಹಂಗಽ. ಫ್ಯಾನಿನ ಗಾಳಿಗೆ ಹಾರ ಅಲ್ಲಾಡೈತಿ. ಕುರುಗೋಡಿನಾಗ ಹೇಳಿದ್ರಲ್ಲ."

"ಹೌದ್ಹೌದು," ಎಂದೆ.

ಅವರು ಚೌಕಟ್ಟಿನ ಅರಿಶಿನ ಒರೆಸಲು ಒದ್ದೆ ಬಟ್ಟೆ ತರಲು ಹೋದರು. ಏಳನೇ ತರಗತಿ ನನ್ನ ಸುತ್ತ ಮುತ್ತಿಕೊಂಡಿತು.

"ಸರ್, ಅದರಾಗ ಏನೈತ್ರಿ?"

ನನ್ನ ಕಾಲು ಇನ್ನೂ ನಡುಗುತ್ತಿತ್ತು. ಮಕ್ಕಳು ಅದನ್ನು ನೋಡಬಾರದು. ಅವರ ಕಣ್ಣು ಬೋರ್ಡಿನ ಕಡೆ ತಿರುಗಬೇಕು. ಹೂವಿನ ಹಾರ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು.

"ಕಣ್ಣೈತಲೇ," ಎಂದೆ. "ಪೂಜಿ ಆತಲ್ಲ, ಕಣ್ಣು ತೆರೀತು. ಇನ್ನು ಮ್ಯಾಲ ಎಲ್ಲಾ ನೋಡ್ತೈತಿ."

ಗುಂಪಿನ ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು. ಎತ್ತರದವಳು, ಕೊನೆಯ ಬೆಂಚಿನವಳು, ವರ್ಷಕ್ಕೆ ನಾಲ್ಕು ಮಾತು ಆಡುವವಳು.

"ದೂರ ಕುಂತೋರೂ ಕಾಣ್ತಾರೇನ್ರಿ ಸರ್ ಅದಕ್ಕ?"

"ನಿನ್ನ ಬೆಂಚೇನು, ನಿಮ್ಮ ಮನಿ ತನಕ ಕಾಣ್ತೈತಿ."

ಅವಳು ನಗಲಿಲ್ಲ. ನಾನು ನಕ್ಕೆ.

ಒಂದು ವಾರ ಹೋಗಲಿಕ್ಕಿಲ್ಲ, ಮೇಡಂ ನನಗೆ ಇನ್ನೊಂದು ವಿದ್ಯೆ ಹೇಳಿಕೊಟ್ಟರು. ಬೋರ್ಡಿನ ಹತ್ತಿರವೇ ನಿಲ್ಲಬೇಕಾಗಿಲ್ಲ. ನಮ್ಮ ಫೋನನ್ನು ಅದಕ್ಕೆ ಜೋಡಿಸಿಕೊಂಡರೆ, ಫೋನಿನಲ್ಲಿ ಟೈಪ್ ಮಾಡಿದ್ದು ಬೋರ್ಡಿನ ಮೇಲೆ ಮೂಡುತ್ತದೆ. ಮಕ್ಕಳ ನಡುವೆ ಓಡಾಡುತ್ತ ಪಾಠ ಮಾಡಬಹುದು ಎಂದು ಅವರ ಉದ್ದೇಶ. ನನಗೆ ಕಲಿಸುವಾಗ ಅವರ ಮುಖದಲ್ಲಿದ್ದ ಖುಷಿ ಈಗಲೂ ನೆನಪಿದೆ. ಅಂತೂ ಮುದುಕ ಕಲಿತ ಎಂದುಕೊಂಡಿರಬೇಕು.

ಮರುದಿನ ಏಳನೇ ತರಗತಿಗೆ ಹೋಗಿ, ಬೋರ್ಡು ಹಚ್ಚಿ, "ಆಫೀಸಿನಾಗ ಕೆಲಸ ಐತಿ, ಬೋರ್ಡು ನಿಮ್ಮನ್ನ ನೋಡ್ಕೋತೈತಿ" ಎಂದು ಹೊರಗೆ ಬಂದೆ. ಕಿಟಕಿಯ ಪಕ್ಕದ ಕಂಬಕ್ಕೆ ಒರಗಿ ಟೈಪ್ ಮಾಡಿದೆ: ಸದ್ದು ಮಾಡಬೇಡಿ. ನೋಡುತ್ತಿದ್ದೇನೆ.

ಒಳಗೆ ಸಂತೆಯ ಹಾಗಿದ್ದ ಗದ್ದಲ ಕತ್ತರಿಸಿದ ಹಾಗೆ ನಿಂತಿತು. ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಮೂವತ್ತೈದು ವರ್ಷದ ನೌಕರಿಯಲ್ಲಿ ಬೆತ್ತ ಹಿಡಿದಾಗಲೂ ಅಂಥ ಮೌನ ನನಗೆ ಸಿಕ್ಕಿರಲಿಲ್ಲ. ದಿನಾ ಒಂದು ಸಾಲು ಬರೆದೆ. ಎರಡನೇ ಬೆಂಚಿನಲ್ಲಿ ಯಾರೋ ಹುಣಸೆಹಣ್ಣು ತಿನ್ನುತ್ತಿದ್ದಾರೆ. ಕಿಟಕಿಯ ಹತ್ತಿರ ಒಬ್ಬನ ಮೂಗು ಸೋರುತ್ತಿದೆ. ಎಲ್ಲ ಅಂದಾಜಿನ ಮೇಲೆ. ಏಳನೇ ತರಗತಿಯಲ್ಲಿ ಯಾರದಾದರೂ ಮೂಗು ಸೋರುತ್ತಲೇ ಇರುತ್ತದೆ. ಹೆಡ್‌ಮೇಷ್ಟ್ರು ಬಂದು, "ಏನ್ರಿ ನಿಮ್ಮ ಕ್ಲಾಸು, ಗುಡಿ ಆಗೈತಲ್ರಿ" ಎಂದು ಹೊಗಳಿದರು. ನಾನು ಮೀಸೆ ತಿರುವಿದೆ.

ಆ ಶುಕ್ರವಾರ ಬರೆದ ಸಾಲು ಇದು: ಕೊನೆಯ ಬೆಂಚಿನಲ್ಲಿ ಪಕ್ಕದವರ ಪುಸ್ತಕ ನೋಡಿ ಬರೆಯುವವರು ಯಾರೆಂದು ನನಗೆ ಗೊತ್ತು. ನಾಳೆ ಹೆಸರು ಬರೆಯುತ್ತೇನೆ.

ಯಾರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದಲ್ಲ. ಕೊನೆಯ ಬೆಂಚಿನಲ್ಲಿ ನೋಡಿ ಬರೆಯದವರು ಯಾವ ಶಾಲೆಯಲ್ಲಿದ್ದಾರೆ?

ಶನಿವಾರ ಆ ಎತ್ತರದ ಹುಡುಗಿ ಬರಲಿಲ್ಲ. ಸೋಮವಾರವೂ ಇಲ್ಲ. ಜ್ವರವಿರಬೇಕು ಎಂದುಕೊಂಡೆ. ಮಂಗಳವಾರ ಹಾಜರಿ ಕೂಗುವಾಗ ಅವಳ ಹೆಸರಿಗೆ ಯಾರೂ ಉತ್ತರ ಕೊಡದೆ ಇದ್ದಾಗ, ಅವಳ ಪಕ್ಕ ಕೂರುತ್ತಿದ್ದ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಳ್ಳುವ ಮಾತುಗಾತಿ, ಎದ್ದು ನಿಂತಳು.

"ಆಕಿ ಇನ್ನು ಬರಂಗಿಲ್ರಿ ಸರ್. ಬೋರ್ಡು ಆಕಿ ಹೆಸರು ಬರೀತೈತಿ ಅಂತ ಹೆದರ್ಯಾಳ. ಬಳ್ಳಾರಿಗೆ ಹೋದ್ಲು."

ಕೈಯಲ್ಲಿದ್ದ ಪೆನ್ನು ಹಾಜರಿ ಪುಸ್ತಕದ ಮೇಲೆ ಹಾಗೆಯೇ ನಿಂತಿತು. ತರಗತಿಯೆಲ್ಲ ಬೋರ್ಡನ್ನು ನೋಡುತ್ತಿತ್ತು. ಅದು ಆರಿತ್ತು. ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ದಿನ ಅದನ್ನು ಹಚ್ಚಲು ನನ್ನ ಕೈ ಏಳಲಿಲ್ಲ; ಸುಣ್ಣದ ಕಡ್ಡಿ ಹಿಡಿದು ಹಳೆಯ ಕರಿ ಬೋರ್ಡಿನ ಮೇಲೆ ಪಾಠ ಮಾಡಿದೆ.

ಸಂಜೆ ಅವಳ ತಾಯಿಯನ್ನು ಹುಡುಕಿಕೊಂಡು ಹೋದೆ. ಕಾಲುವೆ ಪಕ್ಕದ ಗದ್ದೆಯಲ್ಲಿ ನಾಟಿ ನಡೆದಿತ್ತು. ಆಕೆ ಸೀರೆ ಮೊಣಕಾಲಿಗೆ ಕಟ್ಟಿಕೊಂಡು ಕೆಸರಿನಿಂದ ಬದುವಿಗೆ ಬಂದಳು. ಬೈಯುತ್ತಾಳೆ ಎಂದು ಮೈ ಬಿಗಿ ಮಾಡಿಕೊಂಡಿದ್ದೆ.

"ನೀವ್ಯಾಕ ಬರಾಕ ಹೋದ್ರಿ ಸಾರು, ಕೆಸರಿನ್ಯಾಗ," ಎಂದಳು. "ಆಕಿನ್ನ ತಂಗಿ ಮನಿಗೆ ಕಳಿಸೀನ್ರಿ, ಬಳ್ಳಾರಿಗೆ. ಅಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸೋ ಕೆಲಸ ಐತಿ, ಮನ್ಯಾಗ ಕುಂತು ಮಾಡೋದು. ಹೆಸರು ಬರದು ಸಾಲಿಯಿಂದ ಹೊರಗ ಹಾಕ್ಸಿಕೊಳ್ಳೋಕಿಂತ ಮದ್ಲ ಬಿಟ್ಟುಬಿಡ್ತೀನಿ ಅಂತ ಅತ್ಲು."

"ಯಾರೂ ಹೊರಗ ಹಾಕಂಗಿಲ್ಲವ್ವಾ."

"ನೀವು ಹಾಕಂಗಿಲ್ರಿ. ಆ ಬೋರ್ಡು?" ಆಕೆ ಕೈಯ ಕೆಸರನ್ನು ಹುಲ್ಲಿಗೆ ಒರೆಸಿದಳು. "ಈ ತಿಂಗಳು ನೋಡ್ತೀನ್ರಿ. ಆಮ್ಯಾಲೂ ಒಲ್ಲೆ ಅಂದ್ರ ಸಾಲಿಯಿಂದ ಹೆಸರು ತೆಗಸಿ ಅಲ್ಲೇ ಬಿಡ್ತೀನಿ. ಬಲವಂತ ಮಾಡಿ ಕಳಿಸಿ ಹುಡುಗಿಗೆ ಏನರ ಆತಂದ್ರ? ನೀವು ಭಾಳ ಚೊಲೋ ಸಾರಂತ, ನಗಿಸ್ತೀರಂತ. ನೀವಽ ಆ ಬೋರ್ಡಿಗೆ ಒಂದು ಮಾತು ಹೇಳ್ರಲ."

ಬೋರ್ಡಿಗೆ ಒಂದು ಮಾತು. ಬಾಯಿ ತೆರೆದೆ. ಬದುವಿನ ಮೇಲೆ ಇನ್ನೂ ಆರು ಜನ ಹೆಂಗಸರು ಸಸಿ ಹಿಡಿದು ನಿಂತು ಕೇಳುತ್ತಿದ್ದರು. ನಾನೇ ಬರೆದದ್ದು ಎಂದು ಹೇಳಿದರೆ ಕತ್ತಲಾಗುವುದರೊಳಗೆ ಊರಿಗೆ ಗೊತ್ತು, ನಾಳೆ ಹೆಡ್‌ಮೇಷ್ಟ್ರಿಗೆ, ನಾಡಿದ್ದು ಸಿರುಗುಪ್ಪದ ಆಫೀಸಿಗೆ. ಕೊನೆಯ ವರ್ಷದ ಮೇಷ್ಟ್ರು ಮಗುವನ್ನು ಹೆದರಿಸಿ ಶಾಲೆ ಬಿಡಿಸಿದ ಎಂಬ ಹೆಸರು.

"ಹೇಳ್ತೀನಿ," ಎಂದೆ. ಬಸ್ಸಿಗೆ ನಿಂತಾಗ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಎರಡು ದಿನ ನಾನು ಊಟ ಸೇರದೆ ತಿರುಗಿದೆ. ಮೂರನೆಯ ದಿನ ಮೇಡಂ ಒಬ್ಬರೇ ಕೂತು ನೋಟ್‌ಬುಕ್ ತಿದ್ದುತ್ತಿದ್ದಾಗ ಎದುರಿನ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ತೊಟ್ಟಿ, ಕೋಳಿ ಸಮೇತ. ನಗಬಹುದು ಎಂದು ಕೋಳಿಯನ್ನು ಸೇರಿಸಿದ್ದೆ. ನಗಲಿಲ್ಲ.

"ಇದು ಯಾರ್ಯಾರಿಗೆ ಗೊತ್ತೈತ್ರಿ ಸರ್?"

"ನಿಮಗೊಬ್ಬರಿಗೆ."

"ಮದ್ಲು ಆಕಿಗೆ ಗೊತ್ತಾಗಬೇಕಿತ್ತು." ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಆ ಬೋರ್ಡು ತರಾಕ ನಾನು ಯಾರ್ಯಾರ ಮನಿ ಬಾಗಿಲಿಗೆ ಹೋಗೀನಿ ಗೊತ್ತೇನ್ರಿ ನಿಮಗ? ಮಕ್ಕಳು ಬರ್ಲಿ ಅಂತ ತಂದೀನಿ."

ಇಷ್ಟೇ ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಸಿರುಗುಪ್ಪಕ್ಕೆ ಬಂದು ಬಳ್ಳಾರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಜನರನ್ನು ಬಣ್ಣದ ಮಾತಿನಲ್ಲಿ ಕೆಡವಿದ ನಾಲಿಗೆಗೆ ಒಂದು ನೇರ ವಾಕ್ಯ ಹೊಂದುತ್ತಿರಲಿಲ್ಲ. ಬಳ್ಳಾರಿ ಗುಡ್ಡ ಕಂಡಾಗ ಇಳಿದು ವಾಪಸು ಹೋಗಿಬಿಡಲೇ ಎನಿಸಿತು.

ಚಿಕ್ಕವ್ವನ ಮನೆ ಕೌಲ್ ಬಜಾರಿನ ಒಳಗಿನ ಓಣಿಯೊಂದರಲ್ಲಿ. ಬಾಗಿಲು ತೆರೆದಿತ್ತು. ನೆಲದ ಮೇಲೆ ಜೀನ್ಸ್ ಪ್ಯಾಂಟುಗಳ ಗುಡ್ಡೆ, ಅದರ ಸುತ್ತ ಮೂರು ಹೆಂಗಸರು, ಒಂದು ಮೂಲೆಯಲ್ಲಿ ನಮ್ಮ ಹುಡುಗಿ. ಹೊಲಿಗೆಯ ತುದಿಗೆ ಉಳಿದ ದಾರಗಳನ್ನು ಸಣ್ಣ ಕತ್ತರಿಯಿಂದ ಚಕಚಕ ಕತ್ತರಿಸುತ್ತಿದ್ದಳು. ಬೆರಳು ನೀಲಿಯಾಗಿದ್ದವು. ತಲೆ ಎತ್ತಿ ಬಾಗಿಲಲ್ಲಿ ನಿಂತ ನನ್ನನ್ನು ನೇರವಾಗಿ ನೋಡಿದಳು. ನೋಡಿ, ಮತ್ತೆ ತಲೆ ತಗ್ಗಿಸಿ ಕೆಲಸ ಮುಂದುವರಿಸಿದಳು.

ಮುಖ ಕೂಡ ನೋಡಲು ಒಲ್ಲೆ ಎಂದಳಲ್ಲ ಎಂದುಕೊಂಡೆ. ಬಾಗಿಲಲ್ಲೇ ಕೆಮ್ಮಿದೆ. ಕೆಮ್ಮು ಕೇಳಿದ್ದೇ ತಡ ಅವಳು ದಡಬಡಿಸಿ ಎದ್ದು ನಿಂತಳು.

"ಸರ್?"

ಚಿಕ್ಕವ್ವ ಪ್ಯಾಂಟುಗಳನ್ನು ಸರಿಸಿ ಜಾಗ ಮಾಡಿದಳು. "ಕೂಚೋಂಡಿ ಸಾರ್," ಎಂದು ತೆಲುಗಿನಲ್ಲಿ ಕೂರಿಸಿ, ಆಮೇಲೆ ಕನ್ನಡಕ್ಕೆ ಬಂದಳು. "ಹುಡುಗಿ ಭಾಳ ಚುರುಕ್ರಿ. ಕಣ್ಣಂದ್ರ ಕಣ್ಣು. ಒಂದು ಎಳಿ ಬಿಡಂಗಿಲ್ಲ. ನಮಗ ಕಾಣದ್ದು ಆಕಿಗೆ ಕಾಣ್ತೈತಿ."

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು.

"ಬೋರ್ಡಿಗೆ ಕಣ್ಣಿಲ್ಲವ್ವಾ," ಎಂದೆ ಹುಡುಗಿಗೆ. "ನಾನಽ ಹೊರಗ ನಿಂತು ಫೋನಿನಿಂದ ಬರದಿದ್ದೆ. ಸುಳ್ಳು ಹೇಳಿದ್ದೆ. ತಪ್ಪಾತು."

ಕತ್ತರಿಗಳು ನಿಂತವು. ಹುಡುಗಿ ಕೇಳಿದಳು.

"ಪೂಜಿ ದಿನ ತಾನ ಆಡ್ತಲ್ರಿ ಅದು?"

"ಹೂವಿನ ಹಾರ ಅಲ್ಲಾಡಿ ಆಗಿದ್ದು ಅದು."

"ಅವತ್ತು ಕಣ್ಣೈತಿ ಅಂದ್ರಿ. ಈಗ ಇಲ್ಲ ಅಂತೀರಿ." ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸುವವಳ ದನಿ. "ಸಾಲಿಗೆ ಕರಕೊಂಡು ಹೋಗಾಕ ಹಿಂಗ ಹೇಳಾಕ ಹತ್ತೀರಿ."

ನನ್ನ ಬಹುಮಾನ ನನಗೆ ಸಿಕ್ಕಿತು. ಜೀವಮಾನದಲ್ಲಿ ಮೊದಲ ಸಲ ವಿದ್ಯಾರ್ಥಿಯ ಮುಂದೆ ತಪ್ಪು ಒಪ್ಪಿ ನಿಜ ಹೇಳುತ್ತಿದ್ದೆ, ಅದು ನನ್ನ ಇನ್ನೊಂದು ಹೂಟ ಎಂದು ಮಗು ತೀರ್ಮಾನ ಮಾಡಿತ್ತು.

"ನಾನು ನೋಡಿ ಬರೀತಿದ್ದದ್ದು ಖರೇ ಐತ್ರಿ," ಎಂದಳು. "ಅದು ಅದಕ್ಕ ಹೆಂಗ ಗೊತ್ತಾತು?"

"ಅಂದಾಜಿನ ಮ್ಯಾಲ ಬರದೆ. ನೀನು ಯಾಕ ನೋಡಿ ಬರೀತಿದ್ದಿ? ನಿನಗ ಲೆಕ್ಕ ಬರ್ತಾವಲ್ಲ."

"ಕರಿ ಬೋರ್ಡಿನ ಮ್ಯಾಲಿನದು ಕಾಣಂಗಿಲ್ರಿ. ಬೆಳ್ಳಗ ಏನೋ ಅಲ್ಲಾಡಿದಂಗ ಆಗ್ತೈತಿ. ಪಕ್ಕದಾಕಿ ಪುಸ್ತಕ ನೋಡಿ ಬರಕೊಂಡು, ಆಮ್ಯಾಲ ಲೆಕ್ಕ ಮಾಡ್ತಿದ್ದೆ."

"ಹೊಸ ಬೋರ್ಡು?"

"ಅದು ದೊಡ್ಡ ದೊಡ್ಡ ಅಕ್ಷರ ಬರೀತಿತ್ತಲ್ರಿ. ಅದನ್ನ ನಾನಽ ಓದಿದೆ. ಯಾರನ್ನೂ ಕೇಳಲಿಲ್ಲ."

ಎರಡು ವರ್ಷ ಆ ಹುಡುಗಿಗೆ ನಾನು ಪಾಠ ಹೇಳಿದ್ದೆ. ಅವಳು ಕೂತ ಜಾಗದಿಂದ ತಾನೇ ಓದಿದ ನನ್ನ ಮೊದಲ ಅಕ್ಷರಗಳು ಅವು.

ಕೂರಲಾಗಲಿಲ್ಲ, ಏಳಲಾಗಲಿಲ್ಲ. ಬೆವರಿಗೆ ಜಾರುತ್ತಿದ್ದ ಚಸ್ಮಾ ತೆಗೆದು ಒರೆಸಿ, ಅವಳ ಕಡೆ ಚಾಚಿದೆ. "ಹಾಕ್ಕೊಂಡು ನೋಡು."

ಅವಳು ಚಿಕ್ಕವ್ವನ ಮುಖ ನೋಡಿದಳು. ಆಮೇಲೆ ಎರಡೂ ಕೈಯಿಂದ ಹಿಡಿದು ಹಾಕಿಕೊಂಡಳು. ಚಸ್ಮಾ ಅವಳ ಮುಖಕ್ಕೆ ದೊಡ್ಡದಾಗಿತ್ತು. ಬಾಗಿಲಿನಾಚೆ ನೋಡಿದಳು.

"ಎದುರಿನ ಮನಿ ಗೋಡಿ ಮ್ಯಾಲ ಬರದೈತಿ," ಎಂದಳು. "ಸಿಮೆಂಟು." ಓಣಿಯ ತುದಿಗೆ ಕತ್ತು ಚಾಚಿದಳು. "ಅಲ್ಲೊಂದು ಆಡು ನಿಂತೈತಿ." ಆಮೇಲೆ ತಿರುಗಿ, ಪ್ಯಾಂಟುಗಳ ಗುಡ್ಡೆಯ ಆಚೆ ಕೂತ ನನ್ನನ್ನು ನೋಡಿದಳು. "ಸರ್, ನಿಮ್ಮ ಮೀಸಿ ಅರ್ಧ ಬೆಳ್ಳಗೈತ್ರಿ. ಯಾಕ ಅಷ್ಟು ಬೆವತೀರಿ?"

ಚಿಕ್ಕವ್ವ ಕೈಯಲ್ಲಿದ್ದ ಪ್ಯಾಂಟನ್ನು ಕೆಳಗಿಟ್ಟಳು. "ಏನ್ ಮಾತಾಡ್ತಿಯೇ, ಆಡು ನಿನಗ ಕಾಣ್ತಿದ್ದಿಲ್ಲೇನು ಇಷ್ಟು ದಿನ?"

"ಕಾಣ್ತಿತ್ತು," ಎಂದಳು ಹುಡುಗಿ. "ಆಡು ಅಂತ ಗೊತ್ತಾಗ್ತಿದ್ದಿಲ್ಲ."

ಅವತ್ತು ಸಂಜೆಯೇ ಚಿಕ್ಕವ್ವನನ್ನೂ ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಚಸ್ಮಾ ಸಿದ್ಧವಾಗಲು ಒಂದು ವಾರ ಎಂದರು. ಅಲ್ಲಿಯ ತನಕ ನನ್ನ ಚಸ್ಮಾವೇ ಅಷ್ಟಿಷ್ಟು ಹೊಂದುತ್ತದೆ, ತಲೆನೋವು ಬಂದರೆ ತೆಗೆದಿಡು ಎಂದರು ಡಾಕ್ಟರು. ನಾನು ಹಿಂಬದಿಗೆ ಒಂದು ದಾರ ಕಟ್ಟಿ ಅವಳ ಕಿವಿಗೆ ಬಿಗಿ ಮಾಡಿದೆ. ನೀಲಿ ದಾರ, ಅಲ್ಲಿ ಅದಕ್ಕೇನು ಬರ.

ಆದರೆ ಶಾಲೆಗೆ ಬರುತ್ತೇನೆ ಎಂದು ಅವಳು ಒಪ್ಪಲಿಲ್ಲ. ಕರಾರು ಹಾಕಿದಳು.

"ನಾನಽ ಫೋನಿನ್ಯಾಗ ಬರೀತೀನಿ, ಹೊರಗ ನಿಂತು. ನಾನು ಬರದಿದ್ದಽ ಬೋರ್ಡಿನ ಮ್ಯಾಲ ಬರಬೇಕು. ನೀವು ನನ್ನ ಬೆಂಚಿನ ಮ್ಯಾಲ ಕುಂದರಬೇಕು, ಕೈ ಮ್ಯಾಲ ಇಟ್ಕೊಂಡು. ಬೇರೆ ಏನರ ಬರದ್ರ ನಾನು ತಿರುಗಿ ಇಲ್ಲಿಗೇ ಬರಾಕಿ."

"ಎಲ್ಲಾರ ಮುಂದನಾ?"

"ಎಲ್ಲಾರ ಮುಂದ ಹೆದರ್ಸಿದ್ರಲ್ರಿ."

ಸೋಮವಾರ ಬೆಳಿಗ್ಗೆ ತಾಯಿ ಅವಳನ್ನು ಶಾಲೆಯ ಗೇಟಿನ ತನಕ ಬಿಟ್ಟು ಅಲ್ಲೇ ನಿಂತಳು. ಚೀಲವನ್ನು ಹೆಗಲಿನಿಂದ ಇಳಿಸಿ ಮಗಳಿಗೆ ಕೊಡಲಿಲ್ಲ. ನನಗೆ ಆ ಚೀಲ ಚೆನ್ನಾಗಿ ನೆನಪಿದೆ. ಅದು ಒಳಗೆ ಬರುತ್ತದೋ ಬಳ್ಳಾರಿ ಬಸ್ಸಿಗೆ ಹೋಗುತ್ತದೋ ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಮೇಡಂ ಹೆಡ್‌ಮೇಷ್ಟ್ರನ್ನೂ ಕರೆದುಕೊಂಡು ಬಂದು ಬಾಗಿಲ ಬಳಿ ನಿಂತರು.

ನಾನು ಏಳನೇ ತರಗತಿಯ ಮುಂದೆ ನಿಂತು ಹೇಳಿದೆ. ಬೋರ್ಡಿಗೆ ಕಣ್ಣಿಲ್ಲ, ಬರೆದವನು ನಾನು, ಪೂಜೆಯ ದಿನ ಹೆದರಿ ಓಡಿದವನೂ ನಾನು. ಹೆಡ್‌ಮೇಷ್ಟ್ರ ಕಣ್ಣು ದೊಡ್ಡವಾದವು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸರ್ ಹೊಸ ನಾಟಕ ಹೂಡ್ಯಾರ," ಎಂದ ಒಬ್ಬ, ಮುಂದಿನ ಬೆಂಚಿನಿಂದ. ಉಳಿದವರು ತಲೆಯಾಡಿಸಿದರು.

ಬೋರ್ಡು ಹಚ್ಚಿದೆ. ಫೋನು ಜೋಡಿಸಿ ಹುಡುಗಿಯ ಕೈಗೆ ಕೊಟ್ಟೆ. ಅವಳು ನನ್ನ ಚಸ್ಮಾ ಹಾಕಿಕೊಂಡು ಜಗುಲಿಗೆ ಹೋಗಿ, ನಾನು ನಿಲ್ಲುತ್ತಿದ್ದ ಕಂಬದ ಹತ್ತಿರವೇ ನಿಂತಳು. ನಾನು ಬೆಂಚುಗಳನ್ನು ಹಿಡಿದುಕೊಂಡು ಹಿಂದಕ್ಕೆ ನಡೆದು, ಎರಡು ಜಡೆಯವಳ ಪಕ್ಕ ಕೂತು, ಕೈಗಳನ್ನು ಡೆಸ್ಕಿನ ಮೇಲೆ ಇಟ್ಟೆ.

ಏನೂ ಆಗಲಿಲ್ಲ.

ಚಸ್ಮಾ ಇಲ್ಲದ ನನಗೆ ಬೋರ್ಡು ಎಂದರೆ ದೂರದ ಒಂದು ಬಿಳಿ ಕಲೆ. ಕಿಟಕಿಯಲ್ಲಿ ಅವಳ ನೆರಳು ಅಲ್ಲಾಡುತ್ತಿತ್ತು. ಒಂದು ನಿಮಿಷ ಕಳೆದಿರಬಹುದು, ನನಗೆ ಒಂದು ತಾಸು. ಒಮ್ಮೊಮ್ಮೆ ಫೋನಿಗೂ ಬೋರ್ಡಿಗೂ ನಡುವಿನ ನಂಟು ಕಡಿದುಹೋಗುತ್ತದೆ. ಆಗ ಮತ್ತೆ ಮೊದಲಿನಿಂದ ಜೋಡಿಸಬೇಕು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ಈಗ ಎದ್ದು ಹೋಗಿ ಫೋನು ಮುಟ್ಟಿದರೆ ಮುಗಿಯಿತು. ನೋಡ್ರಿ, ನೀವೇ ಏನೋ ಮಾಡಿದಿರಿ ಎನ್ನುತ್ತಾಳೆ. ಕರೆಂಟು ಹೋದರೆ? ಗಾಳಿಗೆ ಯಾವುದೋ ಹುಳ ಬಂದು ಚೌಕಟ್ಟಿನ ಮೇಲೆ ಕೂತು ತಾನೇ ಗೆರೆ ಎಳೆದುಬಿಟ್ಟರೆ? ಪೂಜೆಯ ದಿನ ಕೂಡ ನಾನು ಇಷ್ಟು ಹೆದರಿರಲಿಲ್ಲ. ಅವತ್ತು ಓಡಲು ಹಿಂಬಾಗಿಲಿತ್ತು.

ಕಿಟಕಿಯ ಆಚೆಯಿಂದ ಅವಳ ದನಿ ಬಂತು, ಮೆತ್ತಗೆ.

"ಮೇಡಂ, ಇಲ್ಲಿ ಹಿಂಗ ಬಂದೈತ್ರಿ."

ಮೇಡಂ ಹೊರಗೆ ಹೋದರು. ಪಿಸುಮಾತು; ಕಡಿದ ನಂಟನ್ನು ಮತ್ತೆ ಜೋಡಿಸಿರಬೇಕು. ನಾನು ಡೆಸ್ಕಿನ ಅಂಚನ್ನು ಹಿಡಿದುಕೊಂಡೆ. ಆಮೇಲೆ ತರಗತಿಯ ಮುಂಭಾಗದಿಂದ ಒಂದು ಉಸಿರು ಎಳೆದ ಸದ್ದು. ಬಿಳಿ ಕಲೆಯ ಮೇಲೆ ಕರಿ ಇರುವೆಯಂಥದ್ದೊಂದು ಮೂಡಿತು. ಇನ್ನೊಂದು. ಸಾಲಾಗಿ, ನಿಧಾನವಾಗಿ. ಒಂದೊಂದು ಅಕ್ಷರಕ್ಕೂ ಮಕ್ಕಳೆಲ್ಲ ಬೋರ್ಡು ನೋಡಿ, ಕಿಟಕಿ ನೋಡಿ, ಮತ್ತೆ ಬೋರ್ಡು ನೋಡುತ್ತಿದ್ದರು. ಮೊದಲು ಮುಂದಿನ ಬೆಂಚು ನಕ್ಕಿತು, ಆಮೇಲೆ ಎರಡನೆಯದು. ನಗು ಹಿಂದಕ್ಕೆ ಬರುತ್ತ ಬರುತ್ತ ನನ್ನ ಡೆಸ್ಕಿಗೆ ತಾಗಿತು. ಬಾಗಿಲಲ್ಲಿ ಹೆಡ್‌ಮೇಷ್ಟ್ರು ಕೂಡ ಬಾಯಿಗೆ ಕರವಸ್ತ್ರ ಹಿಡಿದರು.

ನನಗೆ ಇರುವೆಗಳು ಮಾತ್ರ ಕಾಣುತ್ತಿದ್ದವು. ಕಣ್ಣು ಕಿರಿದು ಮಾಡಿದೆ. ಎರಡು ಜಡೆಯವಳ ಕಡೆ ಬಾಗಿದೆ.

"ಏನ್ ಬರದಾಳಲೇ?"

ಅವಳು ತನ್ನ ನೋಟ್‌ಬುಕ್ಕನ್ನು ಕೈಯಿಂದ ಮುಚ್ಚಿಕೊಂಡಳು.

"ನನ್ನ ಕೇಳಬ್ಯಾಡ್ರಿ ಸರ್. ಬೋರ್ಡು ನೋಡ್ತೈತಿ."

ಏನು ಬರೆದಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಮಕ್ಕಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಕೋಳಿಯ ಮಾತು ಅದರಲ್ಲಿತ್ತು ಎಂದು ಅನುಮಾನವಿದೆ. ಮೇಡಂ ಒಳಗೆ ಬಂದವರೇ ಅಂಗೈಯಿಂದ ಒಂದು ಸಲ ಸವರಿ ಅಳಿಸಿಬಿಟ್ಟರು.

ಹುಡುಗಿ ಗೇಟಿನ ತನಕ ಹೋಗಿ ಬಂದಳು. ಬರುವಾಗ ಚೀಲ ಅವಳ ಹೆಗಲ ಮೇಲಿತ್ತು. ಮುಂದಿನ ಬೆಂಚಿನಲ್ಲಿ ಕೂರು ಎಂದು ಮೇಡಂ ಹೇಳಿದರು. ಅವಳು ಆ ದೊಡ್ಡ ಚಸ್ಮಾದೊಳಗಿನಿಂದ ಬೋರ್ಡನ್ನು ನೋಡಿ, ಕೊನೆಯ ಬೆಂಚನ್ನು ನೋಡಿ, ನೇರ ನನ್ನ ಹತ್ತಿರ ಬಂದಳು.

"ಏಳ್ರಿ ಸರ್," ಎಂದಳು. "ಇದು ನನ್ನ ಜಾಗ."

ಎದ್ದೆ. ಚಸ್ಮಾ ಕೇಳಲು ಧೈರ್ಯವಾಗಲಿಲ್ಲ. ಬೆಂಚಿನಿಂದ ಬೆಂಚಿಗೆ ಕೈಯಿಟ್ಟುಕೊಂಡು ಮುಂದಕ್ಕೆ ನಡೆದು, ಆ ಬಿಳಿ ಬೆಳಕಿನ ಪಕ್ಕ ನಿಂತು, ಯಾರ ಮುಖವೂ ಕಾಣದೆ ಭಿನ್ನರಾಶಿ ಶುರು ಮಾಡಿದೆ. ಬೋರ್ಡಿನ ಮೇಲೆ ಬೆರಳಿಟ್ಟೆ. ಅಕ್ಷರಗಳನ್ನು ಮಾತ್ರ ದೊಡ್ಡದಾಗಿ ಬರೆದೆ.